ಉಪ್ಪಿನ ಹಾಳೆ

ತಾನು ಮೊದಲು ಉತ್ತರ ಹೇಳದೆ ಯಾವ ಪ್ರಶ್ನೆಯನ್ನೂ ತಾಯಕ್ಕ ಇನ್ನೊಬ್ಬರ ಮುಂದೆ ಇಡುತ್ತಿರಲಿಲ್ಲ. ದೆಹಲಿಯಿಂದ ಬಂದ ಪ್ರೊಫೆಸರಿರಲಿ, ದನದ ಡಾಕ್ಟರಿರಲಿ, ನಕ್ಷತ್ರದ ಹಿಂದೆ ಬಿದ್ದ ಹುಡುಗನಿರಲಿ, ಅವರ ಕೈಯಲ್ಲಿದ್ದ ಪ್ರಶ್ನೆಗಳ ಕಟ್ಟಿನಿಂದ ಮೇಲಿನ ಹಾಳೆಯನ್ನು ಎಳೆದು ಮುಂದಿಟ್ಟುಕೊಂಡು, "ಮೊದ್ಲು ನನ್ನ ಕೇಳಿ," ಎಂದು ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಬಂದವರು ತಬ್ಬಿಬ್ಬಾಗುತ್ತಿದ್ದರು. ನಿಮ್ಮನ್ನು ಕರೆದದ್ದು ಜನರಿಗೆ ಅವರ ಭಾಷೆಯಲ್ಲಿ ತಿರುಗಿಸಿ ಹೇಳುವುದಕ್ಕಮ್ಮ, ಉತ್ತರ ಹೇಳುವುದಕ್ಕಲ್ಲ ಎಂದು ತಿಳಿಸಲು ನೋಡುತ್ತಿದ್ದರು. ತಾಯಕ್ಕ ಜಗ್ಗಿದರೆ ತಾನೆ?

"ಅಡ್ಗೆ ಮಾಡ್ದೋಳು ಉಪ್ಪು ನೋಡ್ದೆ ಬಡುಸ್ತಾಳಾ? ಮೊದ್ಲು ನನ್ನ ನಾಲ್ಗೆ ಮ್ಯಾಲೆ ಇಕ್ಕಿ. ನನ್ಗೇ ಗಂಟ್ಲಲ್ಲಿ ಇಳೀದ ಚೋದ್ಯನ ಇನ್ನೊಬ್ರಿಗೆ ಹೆಂಗೆ ಬಡುಸ್ಲಿ?"

ಪ್ರಶ್ನೆಗೆ ಅವರು ಮಲಯಾಳದವರಂತೆ ಚೋದ್ಯ ಎನ್ನುತ್ತಿದ್ದರು. ಅವರ ಉತ್ತರ ಮುಗಿದ ಮೇಲೆ ಎರಡನೆಯ ನಿಯಮ. ಅದೇ ಹಾಳೆಯನ್ನು ತಿರುಗಿಸಿ ಬಂದವರ ಕಡೆಗೆ ತಳ್ಳುತ್ತಿದ್ದರು. "ಈಗ ನೀನು ಹೇಳು." ಸಂಶೋಧಕರೂ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಡಬೇಕು. ಕೊಡದಿದ್ದರೆ ತಾಯಕ್ಕ ತನ್ನ ಹೂವಿನ ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲ. ಈ ಮೊದಲ ಹಾಳೆಗೆ ನಮ್ಮ ನಮ್ಮಲ್ಲಿ 'ಉಪ್ಪಿನ ಹಾಳೆ' ಎಂದೇ ಹೆಸರಾಗಿತ್ತು. ಲೆಕ್ಕಕ್ಕೆ ಸೇರಿಸುವಂತಿಲ್ಲ, ಅಭ್ಯಾಸಕ್ಕೆ ತುಂಬಿದ್ದು ಎಂದು ಎಲ್ಲರೂ ಅದನ್ನು ಆಚೆ ಎಸೆಯುತ್ತಿದ್ದರು. ನಾನೂ ಎಸೆದೆ. ಈ ಬರಹ ಬರೆಯುತ್ತಿರುವುದು ಆ ತಪ್ಪಿಗಾಗಿಯೇ.

ತಾಯಕ್ಕನ ನಿಜವಾದ ಕಸುಬು ಹೂವಿನದು. ಕೇರಳದ ಗಡಿಯೂರು ಸುಲ್ತಾನ್ ಬತ್ತೇರಿಯಲ್ಲಿ ಮೈಸೂರು ಬಸ್ಸು ನಿಲ್ಲುವ ಕಡೆ ಒಂದು ಕಂಬ, ಕಂಬದ ಬುಡದಲ್ಲಿ ಅವರ ಬುಟ್ಟಿ. ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿನ ತಲೆಯ ಮೇಲೆ ಹೂವಿನ ಮೂಟೆ ಬರುತ್ತಿತ್ತು. ದಿನವಿಡೀ ಚೆಂಡು ಹೂ ಬಿಡಿಸಿ ಬಿಡಿಸಿ ಅವರ ಬೆರಳುಗಳೆಲ್ಲ ಹಳದಿ. ಕುಳ್ಳಗಿನ ಹೆಂಗಸು, ಅದಕ್ಕೆ ತಕ್ಕ ಗಿಡ್ಡ ಕೈ. ಆ ಗಿಡ್ಡ ಕೈಯಲ್ಲೇ ಮೊಳ ಹಾಕುತ್ತಿದ್ದುದರಿಂದ ಗಿರಾಕಿಗಳು ದಿನಾ ತಗಾದೆ ತೆಗೆಯುತ್ತಿದ್ದರು.

"ಏನ್ ತಾಯಕ್ಕ, ನಿಮ್ಮ ಮೊಳ ಮುಕ್ಕಾಲು ಮೊಳ ಅಲ್ವಾ?"

"ದೇವ್ರು ಕೊಟ್ಟ ಕೈ, ದೇವ್ರಿಗೇ ಹೋಗೋ ಹೂವು. ಸಾಲ್ದಿದ್ರೆ ಅವ್ರವ್ರೇ ಮಾತಾಡ್ಕತಾರೆ, ನೀನ್ ಯಾಕೆ ಮಧ್ಯಕ್ಕೆ ಬತ್ತೀಯಾ?"

ಗಂಡ ಲಾರಿಯಲ್ಲಿ ಕ್ಲೀನರಾಗಿದ್ದವನು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಹೂವಿಗೆ ಕೂರುವ ಮುಂಚೆ ತಾಯಕ್ಕ ಎಷ್ಟೋ ವರ್ಷ ಶುಂಠಿ ಕೀಳುವ ಕೂಲಿಗೆ ಹೋಗಿದ್ದರು. ಕಾಡಂಚಿನ ಹಾಡಿಗಳ ಹೆಂಗಸರ ಜೊತೆ ಒಂದೇ ಸಾಲಿನಲ್ಲಿ ಬಗ್ಗಿ ಕೆಲಸ ಮಾಡಿ, ಅವರ ಮಾತು, ಊರವರ ಮಲಯಾಳ, ತನ್ನ ಕನ್ನಡ ಮೂರೂ ನಾಲಗೆಗೆ ಹತ್ತಿಬಿಟ್ಟಿದ್ದವು. ಮಲಯಾಳಿಗಳಿಗೆ ಅವರು ತಾಯೇಚ್ಚಿ, ನಮಗೆ ತಾಯಕ್ಕ.

ನಮ್ಮಪ್ಪನದು ಬಸ್ ಸ್ಟ್ಯಾಂಡಿನ ಎದುರು ಬೆಲ್ಲದ ಅಂಗಡಿ. ನಾನು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯು ಮುಗಿಸಿ, ಕೆಲಸವಿಲ್ಲದೆ, ಬರುವ ಹೋಗುವ ಸಂಶೋಧಕರಿಗೆ ಬರೆದುಕೊಡುವ ಕೆಲಸ ಹಿಡಿದಿದ್ದೆ. ನನಗೂ ಎರಡು ಭಾಷೆ ಬರುತ್ತಿತ್ತು. ಆದರೆ ಭಾಷೆ ಬಂದ ಮಾತ್ರಕ್ಕೆ ಜನ ಬಾಯಿ ಬಿಡುತ್ತಾರೆಯೇ? ಬೆಲ್ಲದಂಗಡಿಯವರ ಮಗಳು ಪುಸ್ತಕ ಹಿಡಿದು ಬಂದಳು ಎಂದರೆ ಸಾಕು, ಎಲ್ಲರೂ "ಎಲ್ಲಾ ಚೆನ್ನಾಗಿದೆ" ಎಂದು ಕಳಿಸುತ್ತಿದ್ದರು. ಹಾಗಾಗಿ ತಾಯಕ್ಕ ಬೇಕಾದರು.

ಮೊದಲು ಬಂದವರು ತೆರಿಗೆಯ ಪ್ರೊಫೆಸರು. ಹೊಸ ತೆರಿಗೆ ಬಂದ ಮೇಲೆ ಗಡಿಯೂರಿನ ಸಣ್ಣ ವ್ಯಾಪಾರಿಗಳ ಗತಿ ಏನಾಯಿತು ಎಂಬುದು ಅವರ ವಿಷಯ. ಬುಟ್ಟಿಯ ಪಕ್ಕ ಕರ್ಚೀಫು ಹಾಸಿ ಕೂತು ತಾಯಕ್ಕನ ಉಪ್ಪಿನ ಹಾಳೆ ತುಂಬಿದರು.

"ಹೂವ್ಗೆ ತೆರಿಗೆ ಇಲ್ವಂತೆ ಸಾರ್. ಕಟ್ಟೋ ದಾರಕ್ಕೆ ಅದೆಯಂತೆ. ಅದ್ಕೇ ನಾನು ಬಾಳೆ ನಾರಲ್ಲಿ ಕಟ್ತೀನಿ. ಸರ್ಕಾರದ ಕಣ್ಗೆ ನಾನು ಕಾಣಂಗೇ ಇಲ್ಲ."

ಪ್ರೊಫೆಸರು ಬಿದ್ದು ಬಿದ್ದು ನಕ್ಕರು. ನಗು ಮುಗಿಯುವ ಹೊತ್ತಿಗೆ ಹಾಳೆ ಅವರ ಕಡೆ ತಿರುಗಿತ್ತು. "ಈಗ ನೀವು ಹೇಳಿ. ನಿಮ್ಗೆ ಎಷ್ಟು ಬತ್ತದೆ? ಎಷ್ಟು ಕಟ್ಟೀರಿ?"

"ಅದು... ನನ್ನ ಖಾಸಗಿ ವಿಷಯ ಅಲ್ಲವಾ ಅಮ್ಮ?"

"ಹಂಗಾದ್ರೆ ಆ ಚೋದ್ಯ ಹೊಡ್ದಾಕಿ. ನಿಮ್ಗೆ ಖಾಸ್ಗಿ ಆದ್ದು ಪಾತ್ರೆ ಅಂಗ್ಡಿಯವ್ರಿಗೆ ಮಾತ್ರ ಸಂತೆ ಮಾತಾ?"

ಮನುಷ್ಯ ಕೆಂಪಗಾಗಿ, ಬೆವರೊರೆಸಿಕೊಂಡು, ಕೊನೆಗೆ ಹೇಳಿದರು. ಕಟ್ಟದೆ ಉಳಿಸಿಕೊಂಡ ಒಂದು ಬಾಬತ್ತನ್ನೂ ಹೇಳಿದರು. ತಾಯಕ್ಕ ಅದನ್ನು ಯಾರ ಕಿವಿಗೂ ಹಾಕಲಿಲ್ಲ. ಆದರೆ ಪೇಟೆಯಲ್ಲಿ ಆ ಪ್ರೊಫೆಸರು ಮುಂದೆ ಹೇಗೆ ಕೇಳಿದರು ಗೊತ್ತೇ? ತಲೆ ತಗ್ಗಿಸಿ, ಮೆತ್ತಗೆ, ತಾನೂ ಅದೇ ದೋಣಿಯವನು ಎಂಬಂತೆ. ವ್ಯಾಪಾರಿಗಳು ಚಹಾ ತರಿಸಿ ಕೂರಿಸಿಕೊಂಡು ಮಾತಾಡಿದರು.

ಆಮೇಲೆ ದನದ ಡಾಕ್ಟರಮ್ಮ. ಕಾಲುಬಾಯಿ ಜ್ವರ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೇಗೆ ಹಬ್ಬುತ್ತದೆ ಎಂದು ಆಕೆ ಪೆರಿಕಲ್ಲೂರಿನಲ್ಲಿ ಮನೆಮನೆ ತಿರುಗುತ್ತಿದ್ದಳು. ಹೊಳೆಯ ಈಚೆ ದಡ ನಮ್ಮ ಕೇರಳ, ಆಚೆ ದಡ ಕರ್ನಾಟಕ. ಬಾಯಲ್ಲಿ ಹುಣ್ಣು ಕಂಡ ಎಷ್ಟನೆಯ ದಿನ ಆಸ್ಪತ್ರೆಗೆ ತಿಳಿಸಿದಿರಿ ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: "ಅನ್ನು ತನ್ನೆ, ಡಾಕ್ಟರೇ." ಅದೇ ದಿನವಂತೆ! ಎಲ್ಲರೂ ಅದೇ ದಿನ ತಿಳಿಸಿದ್ದರೆ ರೋಗ ಹೊಳೆ ದಾಟುತ್ತಿತ್ತೇ?

ಈ ಹಾಳೆಗೆ ಉಪ್ಪು ನೋಡುವಾಗ ತಾಯಕ್ಕ ಹಿಂದೊಮ್ಮೆ ಸಾಕಿದ್ದ ಹಸುವನ್ನು ನೆನೆದರು. "ಐದು ದಿವ್ಸ ಮುಚ್ಚಿಟ್ಟೆ. ಹೇಳ್ಬುಟ್ರೆ ಸೊಸೈಟೀಲಿ ಹಾಲು ತಕ್ಕಳಲ್ಲ, ನೆರೆಯೋರು ನನ್ನ ಹಗ್ಗನೂ ಮುಟ್ಟಲ್ಲ. ಹಸ ಪಾಪ ಜೊಲ್ಲು ಸುರುಸ್ಕಂಡು ಎಲ್ಲಾರ್ಗೂ ತೋರುಸ್ತಾನೇ ಇತ್ತು. ಬಾಯಿಲ್ದದ್ದು ಕಾಯ್ಲೆ ಮುಚ್ಚಿಡಲ್ಲ ಡಾಕ್ಟ್ರೇ. ಮುಚ್ಚಿಡೋದು ಬಾಯಿರೋ ನಾವು."

ಡಾಕ್ಟರಮ್ಮನ ಮನೆಯಲ್ಲಿ ಹಸುವಿರಲಿಲ್ಲ, ನಾಯಿಯಿತ್ತು. ಅದು ಪಕ್ಕದ ಮನೆಯ ಮಗುವನ್ನು ಪರಚಿದ್ದನ್ನು ತಾನು ಎರಡು ದಿನ ಬಾಯಿ ಬಿಡದೆ ಇದ್ದೆ ಎಂದು ಆಕೆ ಒಪ್ಪಿಕೊಂಡಳು. ಮರುದಿನ ಹೊಳೆದಂಡೆಯ ಮನೆಯೊಂದರಲ್ಲಿ ತಾಯಕ್ಕ ತನ್ನ ಹಸುವಿನ ಕತೆಯನ್ನೂ ಈಕೆಯ ನಾಯಿಯ ಕತೆಯನ್ನೂ ಹೇಳಿದ್ದೇ ತಡ, ಮನೆಯ ಯಜಮಾನ ಗೊಳ್ಳೆಂದು ನಕ್ಕು, ಎದ್ದು, ಕೊಟ್ಟಿಗೆಯ ಹಿಂದೆ ಗೋಣಿಚೀಲದ ಮರೆಯಲ್ಲಿ ಕಟ್ಟಿದ್ದ ಕರುವನ್ನು ತೋರಿಸಿದ.

ನಕ್ಷತ್ರದ ಹುಡುಗನದು ಇನ್ನೊಂದು ಮೋಜು. ರಾತ್ರಿ ಒಂಬತ್ತಕ್ಕೆ ಗಾಡಿಗಳು ಓಡದಂತೆ ಕಾಡಿನ ರಸ್ತೆಗೆ ಗೇಟು ಬೀಳುತ್ತದಲ್ಲ, ಅಲ್ಲಿಂದಾಚೆಗೆ ಕಾಡೊಳಗಿನ ಪೊನ್ಕುಳಿಯ ಕಡೆ ಆಕಾಶ ಎಷ್ಟು ಕಪ್ಪಾಗುತ್ತದೆ ಎಂದು ಅಳೆಯಲು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ತಂದಿದ್ದ. ಜೊತೆಗೆ ಅಲ್ಲಿನ ಹಿರಿಯರು ನಕ್ಷತ್ರ ನೋಡಿ ಏನೇನು ತಿಳಿಯುತ್ತಾರೆ ಎಂಬ ಪ್ರಶ್ನೆಗಳು. ಹಾಡಿಯ ಕಾಳಜ್ಜ ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡು ತನ್ನ ಮಾತಿನಲ್ಲಿ ಏನೋ ಹೇಳಿ ಕ್ಯಾಕರಿಸಿದ. ತಾಯಕ್ಕ ಕನ್ನಡಕ್ಕೆ ತಂದರು: "ಮೇಲ್ ನೋಡ್ಕಂಡು ನಡೆದ್ರೆ ಆನೆ ಕಾಲ್ಗೆ ಸಿಕ್ತೀನಿ, ನಾನು ಕೆಳೀಕೇ ನೋಡೋದು ಅಂತಾವ್ನೆ. ನೀನೂ ಅದೇ ಮಾಡು ಅಂತಾವ್ನೆ." ಹುಡುಗನ ಮುಖ ನೋಡಬೇಕಿತ್ತು!

ಅವನ ಉಪ್ಪಿನ ಹಾಳೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ನೀವು ದಿನಾ ಆಕಾಶ ನೋಡುತ್ತೀರಾ, ಎಷ್ಟು ಹೊತ್ತಿಗೆ?

"ದಿನಾ ನೋಡ್ತೀನಿ. ಎಂಟ್ಗಂಟೆಗೆ."

"ಎಂಟಕ್ಕೇ ಯಾಕೆ?"

"ಗೇಟು ಬೀಳೋ ಮುಂಚೆ ಕಾಡು ದಾಟೋ ಮೈಸೂರ್ ಬಸ್ಸು ಅದೆಯಲ್ಲ, ಎಂಟಕ್ಕೆ ಹಾರನ್ ಹೊಡ್ದು ಹೊಂಟದೆ. ಆಗ ನಾನು ಹಿತ್ಲಿಗೆ ಬಂದು ಚೊಂಬೆತ್ತಿ ನೀರು ಕುಡೀತೀನಿ. ತಲೆ ಎತ್ತುದ್ಮೇಲೆ ಆಕಾಶ ಕಾಣ್ದೆ ಇದ್ದದಾ?"

"ಮೋಡ ಇದ್ದರೆ?"

"ಮೋಡ ಇದ್ರೂ ನೀರು ಕುಡೀಬೇಕಲ್ಲಪ್ಪ."

ಬರೆದುಕೊಳ್ಳುತ್ತಿದ್ದವಳು ನಾನೇ. ನಕ್ಕುಬಿಟ್ಟೆ. ದಿನಾ ಎಂಟಕ್ಕೇ ಯಾಕೆ ನೀರು ಕುಡಿಯುತ್ತಾರೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಇವರೆಲ್ಲರ ಹಾಳೆ ತುಂಬಿ ತುಂಬಿ ಕೊನೆಗೆ ನನಗೂ ಡಾಕ್ಟರೇಟಿನ ಹುಚ್ಚು ಹಿಡಿಯಿತು. ಎಚ್‌ಐವಿ ಇರುವವರಿಗೆ ಸರ್ಕಾರ ಬಿಟ್ಟಿಯಾಗಿ ಮಾತ್ರೆ ಕೊಡುತ್ತದೆ. ದಿನಕ್ಕೊಂದು, ತಪ್ಪದೆ ನುಂಗಿದರೆ ನೂರು ವರ್ಷ ಬೇಕಾದರೂ ಬಾಳಬಹುದು. ಆದರೂ ಗಡಿ ಭಾಗದಲ್ಲಿ ಎಷ್ಟೋ ಜನ ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ. ಯಾಕೆ? ಇದು ನನ್ನ ವಿಷಯ. ಆಸ್ಪತ್ರೆಯಿಂದಲೂ ವಿಶ್ವವಿದ್ಯಾನಿಲಯದಿಂದಲೂ ಒಪ್ಪಿಗೆ ಸಿಕ್ಕಿತು. ಮಾತಾಡಲು ಒಪ್ಪಿದವರನ್ನು ಆಸ್ಪತ್ರೆಯವರೇ ತಿಳಿಸುತ್ತಿದ್ದರು. ಆದರೆ ಒಪ್ಪಿದವರೂ ನನ್ನನ್ನು ಕಂಡೊಡನೆ ಅದೇ "ಎಲ್ಲಾ ಚೆನ್ನಾಗಿದೆ" ಹೇಳಿ ಎದ್ದುಬಿಡುತ್ತಿದ್ದರು. ಆರು ತಿಂಗಳಾದರೂ ನನ್ನ ಕೈಯಲ್ಲಿದ್ದದ್ದು ಮೂರೇ ಹಾಳೆ. ಹೀಗಾದರೆ ವಿಷಯ ಬದಲಿಸಿಕೊಳ್ಳಿ ಎಂದು ನನ್ನ ಗೈಡು ಖಡಾಖಂಡಿತವಾಗಿ ಹೇಳಿದರು. ಓಡಿ ಬಂದು ತಾಯಕ್ಕನ ಬುಟ್ಟಿಯ ಮುಂದೆ ಕೂತೆ.

ವಿಷಯ ಏನೆಂದು ಕೇಳಿ ತಾಯಕ್ಕ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. ಆಮೇಲೆ, "ಇಲ್ಲಿ ಬ್ಯಾಡ, ಮನೇಗೆ ಬಾ," ಎಂದರು. ಹಿಂದೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಉಪ್ಪು ನೋಡುತ್ತಿದ್ದವರು ಅಂದು ಮೊದಲ ಸಲ ಮನೆಗೆ ಕರೆದರು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಹಿತ್ತಿಲು. ಬಾಗಿಲು ಮುಂದೆ ಮಾಡಿ ಕೂತರು. ನಾನು ಓದಿದೆ, ಅವರು ಹೇಳಿದರು.

"ಎಷ್ಟು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?"

"ಹನ್ನೆರಡು."

"ಎಷ್ಟು ಸಲ ತಪ್ಪಿಸಿದ್ದೀರಿ?"

"ಎರಡು ಸಲ. ಒಂದ್ಸಲ ನಾನೇ ಹೋಗಿ ಗುಂಡ್ಲುಪೇಟೆಯಿಂದ ಹೂ ತಕ್ಕಂಡು ಸಂಜೆ ಬರೋವಾಗ ಪೊನ್ಕುಳೀಲಿ ಆನೆ ರಸ್ತೆಗೆ ಅಡ್ಡ ನಿಂತ್ಕಬುಡ್ತು. ಮಾತ್ರೆ ಮನೇಲಿ, ನಾನು ಬಸ್ಸಲ್ಲಿ."

ನಾನು ಕಿಸಕ್ಕನೆ ನಕ್ಕೆ. "ಆನೆ ಬಂದು ಮಾತ್ರೆ ತಪ್ಪಿಸ್ತಾ! ನಾಟಕದಲ್ಲಿ ಸೇರಬೇಕಿತ್ತು ನೀವು ತಾಯಕ್ಕ. ಇನ್ನೊಂದು ಸಲ?"

"ಮಗಳ ಮದ್ವೆ ದಿನ. ಮನೆ ತುಂಬ ನೆಂಟ್ರು. ಡಬ್ಬಿ ಮುಚ್ಚಳ ತೆಗೆಯಾಕೆ ಒಂದು ಮೂಲೆ ಸಿಕ್ಕಿಲ್ಲ ಕೂಸೇ."

ಅದನ್ನೂ ಬರೆದೆ. ಎಷ್ಟು ಚೆನ್ನಾಗಿ ಕಟ್ಟಿ ಹೇಳುತ್ತಾರಪ್ಪ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ನನ್ನ ತಲೆಯಲ್ಲಿ ಏನು ತುಂಬಿತ್ತೋ! ಹಸುವಿನ ಕತೆ ಹೇಳಿದಾಗ ನಂಬಿದ್ದೆ, ಹೂವಿನ ತೆರಿಗೆ ಹೇಳಿದಾಗ ನಂಬಿದ್ದೆ. ಇದನ್ನು ಮಾತ್ರ ಆಟ ಎಂದುಕೊಂಡೆ. ಆ ಕಾಯಿಲೆ ಇರುವವರ ಮುಖ ಬೇರೆ ಥರ ಇರುತ್ತದೆ ಎಂದು, ಅದರ ಮೇಲೆಯೇ ಡಾಕ್ಟರೇಟು ಮಾಡಲು ಹೊರಟವಳು, ಒಳಗೊಳಗೇ ನಂಬಿಕೊಂಡಿದ್ದೆನೋ ಏನೋ.

ತಾಯಕ್ಕ ಎಂದಿನಂತೆ ಹಾಳೆ ತಿರುಗಿಸಿದರು. ಹಳದಿ ಹೆಬ್ಬೆರಳಿನ ಗುರುತು ಅದರ ಮೂಲೆಯಲ್ಲಿ ಉಳಿಯಿತು. "ಈಗ ನೀನು ಹೇಳು. ಒಂದ್ನೇ ಚೋದ್ಯ, ರಕ್ತ ಪರೀಕ್ಷೆ ಮಾಡ್ಸಿದ್ಯಾ?"

"ನಂಗ್ಯಾಕೆ ತಾಯಕ್ಕ? ನಂಗೇನು ಆ ಕಾಯಿಲೆ ಇದ್ಯಾ? ಇದು ಬೇರೆ ಥರದ ಅಧ್ಯಯನ, ಇದಕ್ಕೆ ಆ ನಿಯಮ ಬೇಡ."

ಪ್ರೊಫೆಸರನ್ನು ಬಿಡದಿದ್ದವರು ನನ್ನನ್ನು ಬಿಟ್ಟರು. "ಶರಿ," ಎಂದಷ್ಟೇ ಹೇಳಿ ಹಿತ್ತಿಲಿಗೆ ಎದ್ದು ಹೋದರು.

ಆಮೇಲಿನ ನಾಲ್ಕು ತಿಂಗಳು ನನ್ನ ಪಾಲಿಗೆ ಹಬ್ಬ. ಮಾತಾಡಲು ಒಪ್ಪಿದವರ ಮನೆ ತಲುಪಿದ ಮೇಲೆ ತಾಯಕ್ಕ ನನ್ನನ್ನು ಹೊರಗೆ ನಿಲ್ಲಿಸಿ, ಒಳಗೆ ಹೋಗಿ, ಎರಡು ನಿಮಿಷ ಏನೋ ಪಿಸುಗುಟ್ಟುತ್ತಿದ್ದರು. ಆಮೇಲೆ ನನ್ನನ್ನು ಕರೆಯುತ್ತಿದ್ದರು. ಮೊದಲು ಬಾಯಿ ಬಿಡದ ಅದೇ ಹೆಂಗಸರು ಅಳುತ್ತ, ನಗುತ್ತ, ಬೈಯುತ್ತ ಹೇಳುತ್ತಿದ್ದರು. ಒಳಗೆ ಏನು ಹೇಳಿದಿರಿ ಎಂದು ಕೇಳಿದರೆ, "ಉಪ್ಪು ಸರಿಯಾಗಿ ಅದೆ ಅಂದೆ," ಎನ್ನುತ್ತಿದ್ದರು. ಹಾಳೆಗಳು ಇಪ್ಪತ್ತಾದವು, ಮೂವತ್ತಾದವು. ನನ್ನ ಗೈಡು ಫೋನಿನಲ್ಲೇ ಬೆನ್ನು ತಟ್ಟಿದರು.

ಒಂದೇ ವಿಷಯಕ್ಕೆ ನಮ್ಮಿಬ್ಬರಿಗೂ ಜಟಾಪಟಿ. ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಬೇಕೆಂಬುದು ಅಧ್ಯಯನದ ಕ್ರಮ. ನಾನು ಡಬ್ಬಿ ಕೇಳಿದಾಗಲೆಲ್ಲ ತಾಯಕ್ಕನ ಮುಖ ಗಂಟಾಗುತ್ತಿತ್ತು.

"ಬಾಯಲ್ಲಿ ಹೇಳಾಯ್ತಲ್ಲ, ಇನ್ನು ಡಬ್ಬಿ ಯಾಕೆ?"

"ಸುಳ್ಳು ಹೇಳ್ತಾರಲ್ಲ ತಾಯಕ್ಕ."

"ನೀನೂ ಹೇಳ್ತೀಯಾ. ನಿನ್ನ ಯಾರೂ ಎಣ್ಸಲ್ಲ, ಅಷ್ಟೇಯಾ."

ಕೆಲಸ ಮುಗಿಯಿತು. ಅಚ್ಚು ಹಾಕಿಸಿದ್ದ ಖಾಲಿ ಹಾಳೆಗಳು ಒಂದು ಕಟ್ಟು ಮಿಕ್ಕಿದ್ದವು. ಹೂ ಕಟ್ಟಿಕೊಡಲು ಆಗುತ್ತದೆ ಎಂದು ತಾಯಕ್ಕನಿಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಬಳಿ ಬಂದರೆ ಬುಟ್ಟಿಗೆ ಬಟ್ಟೆ ಮುಚ್ಚಿದೆ, ತಾಯಕ್ಕ ಹೂ ಬಿಚ್ಚಿಯೇ ಇಲ್ಲ. ನನ್ನನ್ನು ಕಂಡವರೇ ಮಡಿಲಿನಿಂದ ಒಂದು ಹಾಳೆ ತೆಗೆದರು. ಮೂಲೆಯಲ್ಲಿ ಹಳದಿ ಹೆಬ್ಬೆರಳು. ಖಾಲಿ ಹಾಳೆಗಳ ನಡುವೆ ಅವರ ಉಪ್ಪಿನ ಹಾಳೆಯನ್ನೂ ನಾನು ಸೇರಿಸಿಬಿಟ್ಟಿದ್ದೆ. ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದ್ದ ತಾಯಕ್ಕ ಅದನ್ನು ಓದಿದ್ದರು.

"ಇದು ನಂದಲ್ವಾ ಕೂಸೇ?"

"ಹೌದು ತಾಯಕ್ಕ. ಉಪ್ಪಿನ ಹಾಳೆ ತಾನೆ? ಲೆಕ್ಕಕ್ಕೆ ಬರಲ್ಲ."

ಅವರು ನನ್ನನ್ನೇ ನೋಡಿದರು. ಬಸ್ಸುಗಳ ಗದ್ದಲದಲ್ಲಿ ಬಲು ಮೆತ್ತಗೆ ಕೇಳಿದರು: "ಉಪ್ಪು ನೋಡ್ದೋಳು ಉಣ್ಣಂಗಿಲ್ವಾ?"

ಆಗ ತಿಳಿಯಿತು. ಹನ್ನೆರಡು ವರ್ಷ, ಆನೆ, ಮಗಳ ಮದುವೆ, ಎಂಟು ಗಂಟೆಯ ಹಾರನ್ನು, ಚೊಂಬು, ಬಾಗಿಲ ಒಳಗಿನ ಎರಡು ನಿಮಿಷದ ಪಿಸುಮಾತು. ಎಲ್ಲ ಒಟ್ಟಿಗೆ. ಆ ಹೆಂಗಸರಿಗೆ ಅವರು ಮನೆಮನೆಯಲ್ಲೂ ತನ್ನ ಗುಟ್ಟನ್ನೇ ಒತ್ತೆಯಿಟ್ಟು ನನಗೆ ಮಾತು ಬಿಡಿಸಿಕೊಟ್ಟಿದ್ದರು. ಊರಿಗೆ ಗೊತ್ತಾದರೆ ಯಾರು ಅವರ ಕೈಯ ಹೂ ಕೊಳ್ಳುತ್ತಿದ್ದರು? ಇಡೀ ಊರಿನಲ್ಲಿ ಅವರು ಬಾಯಿಬಿಟ್ಟು, ಬರೆದುಕೋ ಎಂದು ಹೇಳಿದ್ದು ನನ್ನೊಬ್ಬಳಿಗೆ. ನಾನು ನಕ್ಕಿದ್ದೆ. ಬರೆದ ಹಾಳೆಯನ್ನು ಹೂ ಸುತ್ತಲು ಕೊಟ್ಟಿದ್ದೆ.

ಅಳು ಬಂತು. ತಪ್ಪಾಯಿತು ಎಂದೆ. ಏನೇನೋ ಎಂದೆ. ತಾಯಕ್ಕ ಸೆರಗಿನಿಂದ ನನ್ನ ಮೂಗು ಒರೆಸಿ ಗದರಿದರು: "ಸುಮ್ಕಿರು, ಗಿರಾಕಿ ನೋಡ್ತಾವ್ರೆ. ಅಳೋದ್ರಿಂದ ಯಾನ ಆದ್ದು? ನೀನಿನ್ನೂ ನಿನ್ನ ಉತ್ರ ಹೇಳಿಲ್ಲ. ಹೋಗಿ ರಕ್ತ ಕೊಟ್ಟು ಬಾ. ಆಮ್ಯಾಕೆ ನನ್ನ ಕೇಳು."

ಹೋದೆ. ಆಸ್ಪತ್ರೆಯ ಹೆಸರು ಬೇಡ, ಆ ಬೆಂಚಿನ ಮಾತು ಸಾಕು. ಪರೀಕ್ಷೆಗೂ ಮಾತ್ರೆಗೂ ಒಂದೇ ಕಿಟಕಿ, ಕಿಟಕಿಯ ಮುಂದೆ ಒಂದು ಬೆಂಚು, ಬೆಂಚಿನ ಎದುರಿಗೇ ಜ್ವರ ಕೆಮ್ಮಿಗೆಲ್ಲ ಚೀಟಿ ಬರೆಸುವವರ ಉದ್ದನೆಯ ಸಾಲು. ಆ ಕಿಟಕಿ ಯಾತಕ್ಕೆಂದು ಊರಿಗೆಲ್ಲ ಗೊತ್ತು. ಅಲ್ಲಿಗೆ ಅಧ್ಯಯನಕ್ಕೆಂದು ಇಪ್ಪತ್ತು ಸಲ ಹೋಗಿದ್ದೆ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಬೆಂಚಿನ ಪಕ್ಕ ನಿಂತುಕೊಂಡು. ಅಂದು ಚೀಟಿಯಿಲ್ಲದೆ ಕೂತೆ. ಕೂತ ಐದು ನಿಮಿಷಕ್ಕೆ ಎದುರಿನ ಸಾಲಿನಲ್ಲಿ ಅಪ್ಪನ ಅಂಗಡಿಯ ಪಕ್ಕದ ಬಟ್ಟೆ ಅಂಗಡಿಯ ಪೌಲೋಸಣ್ಣ, ಊರವರ ಬಾಯಲ್ಲಿ ಪೌಲೋಸ್ ಚೇಟ್ಟನ್, ಕಂಡರು. ನನ್ನ ಕೈ ತಾನಾಗಿ ಮೇಲೆದ್ದು ದುಪಟ್ಟಾವನ್ನು ಕಣ್ಣಿನವರೆಗೆ ಎಳೆಯಿತು. ತಲೆ ತಗ್ಗಿಸಿ ನೆಲ ನೋಡುತ್ತ, ಎದ್ದು ಓಡಿಬಿಡಲೇ ಎಂದುಕೊಳ್ಳುತ್ತ ಮುಕ್ಕಾಲು ಗಂಟೆ ಕೂತೆ. ಜನ ಮಾತ್ರೆ ಯಾಕೆ ಬಿಡುತ್ತಾರೆ ಎಂದು ಪುಸ್ತಕಗಳಲ್ಲಿ ಹುಡುಕುತ್ತಿದ್ದೆನಲ್ಲ, ಆ ಮುಕ್ಕಾಲು ಗಂಟೆಯಲ್ಲಿ ನನಗೇ ಬಿಟ್ಟುಬಿಡಬೇಕೆನಿಸಿತ್ತು. ಇನ್ನೂ ಹಿಡಿದೇ ಇರಲಿಲ್ಲ!

ನನಗೆ ಏನೂ ಇರಲಿಲ್ಲ. ತಾಯಕ್ಕನ ಮನೆಗೆ ಬಂದು ಎಲ್ಲ ಹೇಳಿದೆ, ದುಪಟ್ಟಾ ಎಳೆದುಕೊಂಡದ್ದನ್ನೂ. ಅವರು ನಗಲಿಲ್ಲ. "ಈಗ ಉಪ್ಪು ಹತ್ಕಂತು ನೋಡು," ಎಂದು ಹೊಸ ಹಾಳೆ ತೆಗೆಸಿ, ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿದರು. ಅದೇ ಹನ್ನೆರಡು, ಅದೇ ಎರಡು ಸಲ. ಡಬ್ಬಿ ತರಲು ಏಳಹೊರಟರು.

"ಬೇಡ ತಾಯಕ್ಕ," ಎಂದೆ.

"ಕ್ರಮ ಅಂದ್ಯಲ್ಲ?"

"ಇರಲಿ, ಬೇಡ."

ಎಣಿಸುವ ಕಡೆ ಖಾಲಿ ಬಿಟ್ಟೆ. ಗೈಡು ಅದನ್ನು ಕಂಡು ರೇಗಿದರು, ಎಲ್ಲ ಹಾಳೆಯಲ್ಲೂ ಇದೆ, ಇದರಲ್ಲಿ ಯಾಕಿಲ್ಲ ಎಂದರು. ನಾನು ಹಟ ಬಿಡಲಿಲ್ಲ. ಆ ಹಾಳೆ ಉಳಿಯಿತು. ಅದಕ್ಕೆ ಒಂದು ಎಂಬ ಸಂಖ್ಯೆ ಕೊಟ್ಟು, ಉಳಿದವರೆಲ್ಲರ ಸಂಖ್ಯೆಯನ್ನು ಒಂದೊಂದು ಮುಂದಕ್ಕೆ ತಳ್ಳಿದೆ. ಪ್ರಬಂಧದ ಕೊನೆಯಲ್ಲಿ ಆ ಬೆಂಚನ್ನು ಒಳಗಡೆ ಹಾಕಬೇಕೆಂದು ಎರಡು ಪುಟ ಬರೆದೆ. ಡಾಕ್ಟರೇಟು ಬಂತು. ಬೆಂಚು ಮಾತ್ರ ಅಲ್ಲೇ ಇದೆ.

ಬೈಂಡು ಮಾಡಿಸಿದ ಪ್ರತಿಯನ್ನು ತೆಗೆದುಕೊಂಡು ಸಂಜೆ ಅವರ ಮನೆಗೆ ಹೋದೆ. ತೊಡೆಯ ಮೇಲಿಟ್ಟುಕೊಂಡು ಕೈಯಾಡಿಸಿದರು. "ನಂದು ಎಷ್ಟ್ನೇದು?"

"ಒಂದನೇದು."

"ಹೆಸ್ರು ಹಾಕಿಲ್ವಲ್ಲ?"

"ಹಾಕಂಗಿಲ್ಲ ತಾಯಕ್ಕ."

"ಹಾಕ್ಬ್ಯಾಡ. ನಾನು ಸತ್ಮೇಲೆ ಬೇಕಾದ್ರೆ ಎಲ್ಲಾದ್ರೂ ಬರಿ. ಆಗ್ಲೂ ನನ್ನ ಹೆಸ್ರು ಬ್ಯಾಡ, ನಮ್ಮವ್ವನ ಹೆಸ್ರು ಹಾಕು. ಪಾಪ, ಅವ್ಳ ಹೆಸ್ರು ಯಾವ ಕಾಗ್ದದಲ್ಲೂ ಬಂದಿಲ್ಲ."

ಚಿಕ್ಕತಾಯಮ್ಮ ಎಂಬುದು ಅವರ ತಾಯಿಯ ಹೆಸರು. ಇಲ್ಲಿ ತಾಯಕ್ಕ ಎಂದು ಬರೆದದ್ದು ಅದನ್ನೇ. ಬೇರೆ ಒಂದೆರಡು ಸಂಗತಿಗಳನ್ನೂ ಗುರುತು ಸಿಗದ ಹಾಗೆ ತಿರುಗಿಸಿದ್ದೇನೆ, ಬತ್ತೇರಿಯವರು ಕಂಬ ಹುಡುಕಿಕೊಂಡು ಹೋಗಬೇಡಿ.

ಆ ಸಂಜೆ ಮಾತು ಮುಗಿಯುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಎಂಟು ಗಂಟೆಯ ಹಾರನ್ ಕೇಳಿತು. ತಾಯಕ್ಕ ಒಂದು ಕ್ಷಣ ನನ್ನ ಮುಖ ನೋಡಿ, ಅಕ್ಕಿ ಡಬ್ಬದೊಳಗಿಂದ ಬಿಳಿ ಡಬ್ಬಿ ತೆಗೆದರು. ಹಿತ್ತಿಲಿಗೆ ಬಾ ಎಂದು ಕಣ್ಣಲ್ಲೇ ಕರೆದರು. ಮಾತ್ರೆ ನಾಲಗೆಯ ಮೇಲಿಟ್ಟು, ತಲೆಯೆತ್ತಿ, ಚೊಂಬನ್ನು ಎತ್ತರಕ್ಕೆ ಹಿಡಿದು ಗಟಗಟ ನೀರು ಸುರಿದುಕೊಂಡರು. ಅಂದು ಮೋಡವಿರಲಿಲ್ಲ.

"ನನ್ನ ಮಗಳೂ ನೋಡಿಲ್ಲ ಕನವ್ವ, ನಾನು ನುಂಗೋದ," ಎಂದು ಬಾಯಿ ಒರೆಸಿಕೊಂಡರು. "ಗೊತ್ತು ಅವ್ಳ್ಗೆ. ಆದ್ರೂ ಮುಂದ್ಗಡೆ ನುಂಗಿಲ್ಲ."

ನಾನು ಅವರನ್ನು ಕಂಡದ್ದು ಅದೇ ಕೊನೆ. ಕೆಲಸ ಸಿಕ್ಕಿ ಕೋಝಿಕ್ಕೋಡಿಗೆ ಹೋದೆ. ಕೆಲವು ತಿಂಗಳಿಗೆ ಅವರ ಮಗಳು ಫೋನು ಮಾಡಿದಳು. ಹೂ ಬಿಡಿಸುತ್ತ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಹೃದಯ, ಆ ಕಾಯಿಲೆಯಲ್ಲ. ಇದನ್ನು ಒತ್ತಿ ಹೇಳಲೇಬೇಕು. ಅದನ್ನು ಗೆದ್ದ ಬಗ್ಗೆ ಅವರಿಗೆ ಎಲ್ಲಿಲ್ಲದ ಹೆಮ್ಮೆಯಿತ್ತು, ಹೇಳಿಕೊಳ್ಳಲು ಜನವಿರಲಿಲ್ಲ, ಅಷ್ಟೇ. ಅಂದು ಬಸ್ ಸ್ಟ್ಯಾಂಡಿನ ಅರ್ಧ ಊರು ಅವರ ಮನೆಯ ಮುಂದಿತ್ತಂತೆ. ಮೈಮೇಲೆ ಹಾಕಿದ ಹೂವಿಗೆ ಲೆಕ್ಕವಿರಲಿಲ್ಲವಂತೆ.

ಪ್ರೊಫೆಸರಿಗೂ, ಡಾಕ್ಟರಮ್ಮನಿಗೂ, ನಕ್ಷತ್ರದ ಹುಡುಗನಿಗೂ ಫೋನು ಮಾಡಿ ತಿಳಿಸಿದೆ. ತಾಯಕ್ಕನ ಉಪ್ಪಿನ ಹಾಳೆ ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ಯಾರ ಹತ್ತಿರವೂ ಇರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಊರಿಗೆ ಹೋದೆ. ಮಗಳು ಅಕ್ಕಿ ಡಬ್ಬದಿಂದ ಆ ಬಿಳಿ ಡಬ್ಬಿ ತೆಗೆದು ಕೊಟ್ಟಳು. ಉಳಿದ ಮಾತ್ರೆಯನ್ನು ಆಸ್ಪತ್ರೆಗೆ ಹಿಂದಿರುಗಿಸಬೇಕು, ತನಗೆ ಆ ಕಿಟಕಿಗೆ ಹೋಗಲು ಧೈರ್ಯ ಸಾಲದು ಎಂದಳು. "ಎಣಿಸಿ ನೋಡ್ತೀರಾ ಅಕ್ಕ?" ಎಂದೂ ಕೇಳಿದಳು. ಹಿಂದೆ ನಾನು ಹಾಗೆ ಎಣಿಸುತ್ತಿದ್ದುದನ್ನು ತಾಯಿ ಹೇಳಿರಬೇಕು.

"ಬೇಡಮ್ಮ," ಎಂದೆ. "ಎರಡೇ ಸಲ ತಪ್ಪಿದ್ದು. ಅವರೇ ಹೇಳಿದ್ದಾರೆ."

ಆಸ್ಪತ್ರೆಯ ಕಿಟಕಿ ಇನ್ನೂ ತೆರೆದಿರಲಿಲ್ಲ. ಬೆಂಚಿನ ಮೇಲೆ ಕೂತೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಎದುರಿನ ಸಾಲು ಬೆಳೆಯುತ್ತಿತ್ತು. ಬತ್ತೇರಿ ಎಷ್ಟು ದೊಡ್ಡ ಊರು ಹೇಳಿ, ಸಾಲಿನ ನಡುವೆ ಕೆಮ್ಮುತ್ತ ನಿಂತಿದ್ದವರು ಪೌಲೋಸ್ ಚೇಟ್ಟನ್ನೇ. ಈ ಸಲ ಅವರೂ ನನ್ನನ್ನು ಕಂಡರು. ಮುಖ ನೋಡಿದರು, ಡಬ್ಬಿ ನೋಡಿದರು, ಕಿಟಕಿ ನೋಡಿದರು. ಚೀಟಿ ಮಡಚಿಕೊಳ್ಳುತ್ತ ಹತ್ತಿರ ಬಂದರು.

"ಎಂದಾ ಮೋಳೇ, ಇವಿಡೆ?" ಏನು ಮಗಳೇ, ಇಲ್ಲಿ?

ಬೇರೆಯವರದ್ದು ಎನ್ನಬಹುದಿತ್ತು. ಆಫೀಸಿನ ಕೆಲಸ ಎನ್ನಬಹುದಿತ್ತು. ನನ್ನ ಕೈ ದುಪಟ್ಟಾದ ಕಡೆ ಹೋಗುತ್ತಿದ್ದದ್ದು ನನಗೆ ತಿಳಿಯಿತು. ಅದನ್ನು ಕೆಳಗಿಳಿಸಿ ಡಬ್ಬಿಯ ಮೇಲಿಟ್ಟೆ. ತಾಯಕ್ಕನ "ಈಗ ನೀನು ಹೇಳು" ಎಂಬುದಕ್ಕೆ ಎಷ್ಟೋ ವರ್ಷದಿಂದ ಬಾಕಿಯಿದ್ದ ಉತ್ತರ ಅದು.

ತಲೆಯೆತ್ತಿ ಅವರ ಮುಖ ನೋಡಿ, "ಮಾತ್ರೆಗೆ ಬಂದೆ ಚೇಟ್ಟಾ," ಎಂದೆ.